ಹೊಳೆಯಿಲ್ಲದ ಸೀಮೆಯ ಬೆಳ್ಳಕ್ಕಿ ಸಾಲು

ಕೋಲಾರದ ಕಡೆ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಈ ತಮಾಷೆ ಗೊತ್ತಿರುತ್ತದೆ. ಪಠ್ಯಪುಸ್ತಕದ ತುಂಬ ಮಲೆನಾಡು. ತುಂಗೆ, ಸೋನೆ ಮಳೆ, ಕಾಡು, ಜೀರುಂಡೆ, ಎತ್ತ ನೋಡಿದರತ್ತ ಹಸಿರು. ತಲೆ ಎತ್ತಿ ಕಿಟಕಿಯಾಚೆ ನೋಡಿದರೆ ಬೋಳು ಬಂಡೆ, ಅದರ ಕೆಳಗೆ ಬಳ್ಳಾರಿ ಜಾಲಿ ತುಂಬಿಕೊಂಡ ಒಣ ಕೆರೆ, ಏರಿಯ ಮೇಲೆ ನಾಲ್ಕು ಹುಣಸೆಮರ. ಹೊಳೆಯ ಪದ್ಯ ನಡೆಯುತ್ತಿದ್ದಾಗ ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತು, “ಸಾರ್, ಹೊಳೆ ಅಂದ್ರೆ ಹೆಂಗಿರುತ್ತೆ?” ಅಂದ. ಮೇಷ್ಟ್ರು ಸ್ವಲ್ಪ ಹೊತ್ತು ಯೋಚನೆ ಮಾಡಿ, “ಪಾಲಾರ್ ಇದೆಯಲ್ಲ, ಅದರಲ್ಲಿ ನೀರಿದ್ದಿದ್ರೆ ಹೆಂಗಿರೋದೋ ಹಂಗೆ” ಅಂದರು.

ಅವರು ಹೇಳಿದ್ದು ತಪ್ಪೇನಲ್ಲ. ಪಾಲಾರ್ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ನಮ್ಮ ಜಿಲ್ಲೆ ಹಾದು, ಆಂಧ್ರ ಮುಟ್ಟಿ ತಮಿಳುನಾಡಿಗೆ ಹೋಗುತ್ತದೆ. ಭೂಪಟದಲ್ಲಿ ನೀಲಿ ಗೆರೆ, ನೆಲದ ಮೇಲೆ ಮರಳು. ಆ ಮರಳೂ ಈಗ ಅಷ್ಟಾಗಿ ಉಳಿದಿಲ್ಲ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎಲ್ಲವೂ ಅದೇ ಬೆಟ್ಟಗಳ ಆಸುಪಾಸಿನವು. ಇಷ್ಟೊಂದು ನದಿ ಹೆತ್ತ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವುದು ಒಂದೂ ಇಲ್ಲ.

ಆದರೂ ಪದ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅರ್ಥ ಆಮೇಲೆ, ಮೊದಲು ಬಾಯಿಗೆ ಬರಬೇಕು. ಬಾರದಿದ್ದರೆ ಗೋಡೆ ಕುರ್ಚಿ. ಹಾಗಾಗಿ ನನ್ನ ತಲೆಯೊಳಗೆ ನಾನು ಕಣ್ಣಿನಿಂದ ಕಾಣದ ಎಷ್ಟೋ ಹೊಳೆಗಳು, ಹೆಸರು ಮಾತ್ರ ಗೊತ್ತಿದ್ದ ಹೂವುಗಳು ಮೊದಲೇ ಬಂದು ಕೂತಿದ್ದವು. ಇದನ್ನು ಈಗಿನ ಶಿಕ್ಷಣ ಪಂಡಿತರು ಒಪ್ಪುವುದಿಲ್ಲ. ನಾನು ಒಪ್ಪುತ್ತೇನೆ.

ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬೃಂದಾವನವಿದೆ. 15ನೇ ಶತಮಾನದವರು, ವ್ಯಾಸರಾಯರ ಗುರುಗಳು, ಕನ್ನಡದಲ್ಲಿ ದಾಸರ ಪದಗಳಿಗೆ ದಾರಿ ಹಾಕಿಕೊಟ್ಟವರಲ್ಲಿ ಮೊದಲಿಗರು. ಅವರ ‘ಕಂಗಳಿದ್ಯಾತಕೋ ಕಾವೇರಿ ರಂಗನ ನೋಡದ’ ಕೇಳದವರು ಕಡಿಮೆ. ನಮ್ಮ ಮನೆಯಲ್ಲಿ ದಾಸರ ಪದ ಹಾಡುವವರಿರಲಿಲ್ಲ, ನಾನು ರೇಡಿಯೋದಲ್ಲಿ ಕೇಳಿದ್ದು. ಮುಳಬಾಗಿಲಿನ ಬಂಡೆಗಳ ನಡುವೆ ಬಸ್ಸಿಗೆ ಕಾಯುತ್ತ ಅದನ್ನು ನೆನೆಸಿಕೊಂಡರೆ ನನ್ನ ಮನಸ್ಸು ರಂಗನವರೆಗೆ ಹೋಗುವುದೇ ಇಲ್ಲ, ಕಾವೇರಿಯ ಹತ್ತಿರವೇ ನಿಂತುಬಿಡುತ್ತದೆ. ಎಲ್ಲಿಯ ಕಾವೇರಿ, ಎಲ್ಲಿಯ ಮುಳಬಾಗಿಲು! ಇಲ್ಲದ ಹೊಳೆಯನ್ನು ಹಾಡಿನಲ್ಲಿ ತರಿಸಿಕೊಳ್ಳುವುದು ನಮ್ಮ ಕಡೆಯವರಿಗೆ ಹಳೆಯ ಅಭ್ಯಾಸ ಇರಬೇಕು.

ನಮ್ಮಜ್ಜಿಯ ಹಾಡುಗಳು ಬೇರೆ. ಅವಳದು ಕೈವಾರ ತಾತಯ್ಯನವರ ತತ್ವಪದ, ಅದೂ ತೆಲುಗಿನವು. ಅಜ್ಜಿ ಸೊಸೆಯಂದಿರ ಜೊತೆ ಜಗಳ, ಹಾಲಿನ ಲೆಕ್ಕ, ಊರ ಪಂಚಾಯಿತಿ ಎಲ್ಲ ಕನ್ನಡದಲ್ಲೇ ಮಾಡುತ್ತಿದ್ದಳು, ದೇವರ ಜೊತೆ ಮಾತ್ರ ತೆಲುಗು. ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಲ್ಲಿ ಇದೇನೂ ವಿಶೇಷವಲ್ಲ. ತಾತಯ್ಯನವರು ಎರಡು ಭಾಷೆಯಲ್ಲೂ ಹಾಡಿದವರು. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣಪ್ಪ, ಬಳೆ ಮಾರುತ್ತಿದ್ದವರು. ಗುರುವೊಬ್ಬರು ಬೆಣಚುಕಲ್ಲು ಕೊಟ್ಟು ಬಾಯಲ್ಲಿ ಇಟ್ಟುಕೊಂಡು ಜಪ ಮಾಡು ಅಂದರಂತೆ, ಬೆಟ್ಟದ ಗವಿಯಲ್ಲಿ ಕೂತು ಜಪ ಮಾಡುತ್ತ ಮಾಡುತ್ತ ಆ ಕಲ್ಲು ಕಲ್ಲುಸಕ್ಕರೆ ಆಯಿತಂತೆ. ಅಜ್ಜಿ ಈ ಕಥೆ ಹೇಳುವಾಗ ಬಾಯಿ ಚಪ್ಪರಿಸುತ್ತಿದ್ದಳು. ಈ ಕಥೆ ಮಲೆನಾಡಿನಲ್ಲಿ ಹುಟ್ಟುವುದಕ್ಕೆ ಸಾಧ್ಯವೇ ಇರಲಿಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ಬೆಳಗೆದ್ದರೆ ಕಲ್ಲೇ ಕಾಣುವ ಜನ ಕಟ್ಟಿದ ಕಥೆ ಅದು. ಸುಮಾರು 250 ಕೋಟಿ ವರ್ಷ ಹಳೆಯ ಬಂಡೆಗಳು ನಮ್ಮ ಸುತ್ತಲಿನವು. ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತುವಾಗ, ಒಂದರ ಮೇಲೊಂದು ಕೂತ ಆ ಗುಂಡುಗಳನ್ನು ನೋಡುತ್ತ, ‘ಇದರೊಳಗೂ ಸಿಹಿ ಇರಬಹುದು’ ಎಂದು ಒಬ್ಬ ಬಳೆಗಾರನಿಗೆ ಹೊಳೆದಿದ್ದರೆ ಆಶ್ಚರ್ಯವೇನು? ಅಂತರಗಂಗೆಯಲ್ಲೂ ಬಂಡೆಯೊಳಗಿನಿಂದ ಬಂದ ನೀರು ಕಲ್ಲಿನ ಬಸವನ ಬಾಯಿಂದ ಸುರಿಯುತ್ತದೆ. ಜನ ಕ್ಯಾನಿನಲ್ಲಿ ಹಿಡಿದು ಮನೆಗೆ ಒಯ್ಯುತ್ತಾರೆ. ಒಣಸೀಮೆಯಲ್ಲಿ ನೀರು ಕಂಡರೆ ಕೈ ತಾನಾಗಿ ಮುಗಿಯುತ್ತದೆ, ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ನಾನು ಹೊಟ್ಟೆಪಾಡಿಗೆ ಮಾಡುವುದು ಕೊಳಚೆ ನೀರಿನ ಕೆಲಸ. ನರಸಾಪುರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದ ಆಪರೇಟರ್. ಕಾರ್ಖಾನೆಯ ಶೌಚಾಲಯ, ಕ್ಯಾಂಟೀನಿನ ನೀರೆಲ್ಲ ನನ್ನ ಹತ್ತಿರ ಬರುತ್ತದೆ. ಮೊದಲು ಜಾಲರಿಯಲ್ಲಿ ಕಸ ತಡೆಯುತ್ತೇವೆ, ಆಮೇಲೆ ದೊಡ್ಡ ತೊಟ್ಟಿಗೆ ಬಿಟ್ಟು ಬ್ಲೋವರ್‌ನಿಂದ ಗಾಳಿ ಊದುತ್ತೇವೆ. ಶುದ್ಧ ಮಾಡುವವರು ನಾವಲ್ಲ, ಆ ನೀರಿನೊಳಗಿನ ಬ್ಯಾಕ್ಟೀರಿಯಾ. ಅವಕ್ಕೆ ಉಸಿರಾಡಲು ಗಾಳಿ ಕೊಟ್ಟರೆ ಸಾಕು, ಕೊಳೆಯನ್ನು ತಿಂದುಕೊಂಡು ತಮ್ಮ ಪಾಡಿಗೆ ತಾವು ಬೆಳೆಯುತ್ತವೆ. ಇದೇ ಎರಡನೇ ಹಂತ.

ಪ್ರತಿ ಶಿಫ್ಟಿನಲ್ಲಿ ಒಂದು ಪರೀಕ್ಷೆ ಮಾಡಬೇಕು. ಒಂದು ಲೀಟರಿನ ಉದ್ದನೆಯ ಗಾಜಿನ ಸಿಲಿಂಡರಿಗೆ ಆ ತೊಟ್ಟಿಯ ನೀರು ತುಂಬಿ ಅಲ್ಲಾಡದ ಕಡೆ ಇಟ್ಟು ಅರ್ಧ ಗಂಟೆ ಬಿಡುವುದು. ತುಂಬಿದಾಗ ಕಾಫಿ ಡಿಕಾಕ್ಷನ್ನಿಗೆ ಒಂದು ತೊಟ್ಟು ಹಾಲು ಬಿದ್ದ ಹಾಗಿನ ಬಣ್ಣ. ಎರಡು ನಿಮಿಷಕ್ಕೆ ಅದರೊಳಗೆ ಕಣ್ಣಿಗೆ ಕಾಣುವಷ್ಟು ಚೂರುಗಳು ಒಂದನ್ನೊಂದು ಹುಡುಕಿಕೊಂಡು ಅಂಟುತ್ತವೆ, ಸಣ್ಣ ಸಣ್ಣ ಮೋಡಗಳಾಗುತ್ತವೆ. ಆಮೇಲೆ ಎಲ್ಲ ಸೇರಿ ಒಟ್ಟಿಗೆ ಇಳಿಯುವುದಕ್ಕೆ ಶುರು. ಮೇಲ್ಗಡೆ ಒಂದು ಬೆರಳಷ್ಟು ತಿಳಿನೀರು, ಆಮೇಲೆ ಒಂದು ಗೇಣು. ಅರ್ಧ ಗಂಟೆಗೆ ಗಾಜಿನ ಮೇಲ್ಭಾಗದ ಆಚೆ ಗೋಡೆಯ ಕ್ಯಾಲೆಂಡರಿನ ತಾರೀಕು ಓದಬಹುದು. ನಾನು ರೀಡಿಂಗ್ ಬರೆದುಕೊಂಡು ಎದ್ದು ಹೋಗಬಹುದು, ಯಾರೂ ಕೂತು ನೋಡು ಅಂದಿಲ್ಲ. ಆದರೆ ರಾತ್ರಿ ಶಿಫ್ಟಿನಲ್ಲಿ ಎಷ್ಟೋ ಸಲ ಕೂತುಬಿಡುತ್ತೇನೆ.

ಲ್ಯಾಬಿನವರು ಆ ಕೆಸರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ ದಿನ ಮಾತ್ರ ನಿಜವಾಗಿ ದಂಗಾದೆ. ವೋರ್ಟಿಸೆಲ್ಲಾ ಅಂತ ಒಂದು ಜೀವಿ. ಸಣ್ಣ ದಂಟಿನ ತುದಿಗೆ ತಲೆಕೆಳಗಾದ ಗಂಟೆ. ಗಂಟೆಯ ಬಾಯಿಯ ಸುತ್ತ ರೋಮದಂಥವು ಬಿಡುವಿಲ್ಲದೆ ಸುತ್ತುತ್ತ ನೀರನ್ನು ಒಳಗೆ ಸೆಳೆಯುತ್ತಿರುತ್ತವೆ. ಗಾಜಿಗೆ ಉಗುರು ತಾಕಿಸಿದರೆ ದಂಟು ಥಟ್ಟನೆ ಸುರುಳಿ ಸುತ್ತಿಕೊಂಡು ಕುಗ್ಗುತ್ತದೆ, ಆಮೇಲೆ ಭಯ ಬಿಟ್ಟು ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಇವು ಚೆನ್ನಾಗಿದ್ದರೆ ತೊಟ್ಟಿ ಚೆನ್ನಾಗಿದೆ ಅಂತ ಅರ್ಥ. ಹೇಸಿಗೆ ಅಂತ ನಾವು ಮೂಗು ಮುಚ್ಚಿಕೊಂಡು ಹಿಂದಕ್ಕೆ ತಳ್ಳಿದ್ದರೊಳಗೆ ಇಷ್ಟು ಗಂಟೆಗಳು ಕಟ್ಟಿಕೊಂಡು ಕೂತಿವೆ.

ವಾಸನೆಯ ಮಾತು ಎಲ್ಲರೂ ಕೇಳುತ್ತಾರೆ, ನೆಂಟರಂತೂ ಕೇಳಿಯೇ ಕೇಳುತ್ತಾರೆ. ಗಾಳಿ ಕಡಿಮೆಯಾದರೆ ತೊಟ್ಟಿ ಕೊಳೆತು ನಾರುತ್ತದೆ, ನಿಜ. ಆದರೆ ಸರಿಯಾಗಿ ನಡೆಯುತ್ತಿರುವ ತೊಟ್ಟಿಯ ವಾಸನೆ ಒದ್ದೆ ಮಣ್ಣಿನದು. ಮೊದಲ ಮಳೆಗೆ ನೆಲದಿಂದ ಏಳುವ ಘಮಕ್ಕೂ ಮಣ್ಣಿನೊಳಗಿನ ಇಂಥ ಸೂಕ್ಷ್ಮಜೀವಿಗಳೇ ಕಾರಣ. ಅವು ಬಿಡುವ ಜಿಯೋಸ್ಮಿನ್ ಎಂಬ ವಸ್ತುವಿನ ಕಂಪು ಅದು. ಮಳೆ ಬಿದ್ದ ಮಣ್ಣಿನ ಮೇಲೆ ಪದ್ಯ ಬರೆಯದ ಕವಿ ಕನ್ನಡದಲ್ಲಿ ಸಿಕ್ಕುವುದು ಕಷ್ಟ. ಏಪ್ರಿಲ್ ತಿಂಗಳ ಒಂದು ರಾತ್ರಿ, ಮಳೆಯ ಸುಳಿವೇ ಇಲ್ಲದಾಗ, ನನಗೆ ಆ ಘಮ ಏರೇಷನ್ ತೊಟ್ಟಿಯ ಕಟ್ಟೆಯ ಮೇಲೆ ಸಿಕ್ಕಿದೆ ಅಂದರೆ ಸಾಹಿತ್ಯದವರು ಬೇಜಾರು ಮಾಡಿಕೊಳ್ಳಬಾರದು.

ಡಿವಿಜಿ ನಮ್ಮ ಮುಳಬಾಗಿಲಿನವರೇ, 1887ರಲ್ಲಿ ಅಲ್ಲಿ ಹುಟ್ಟಿದವರು. 1943ರಲ್ಲಿ ಬಂದ ಕಗ್ಗದಲ್ಲಿ ‘ಇಳೆಯಿಂದ ಮೊಳಕೆಯೊಗೆವಂದು ತಮಟೆಗಳಿಲ್ಲ’ ಎಂದು ಶುರುವಾಗುವ ಪದ್ಯವಿದೆ. ಮೊಳಕೆ ಒಡೆಯುವಾಗ ತಮಟೆ ಇಲ್ಲ, ಹಣ್ಣಾಗುವಾಗ ತುತ್ತೂರಿ ಇಲ್ಲ, ಸೂರ್ಯಚಂದ್ರರದೂ ಸದ್ದಿಲ್ಲ, ನೀನೂ ಬಾಯಿ ಮುಚ್ಚಿಕೊಂಡಿರು ಅನ್ನುತ್ತಾರೆ. ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಚಿತ್ರದ ಮೇಲೆ ಶುಭೋದಯದ ಜೊತೆ ಬಂದು ಬಂದು ಈ ಪದ್ಯ ಸವೆದು ಹೋಗಿದೆ. ನನಗೂ ಅದರ ಮೇಲೆ ಆಸೆ ಬಿಟ್ಟುಹೋಗಿತ್ತು. ಬ್ಲೋವರ್ ಕೋಣೆಯ ಪಕ್ಕ ಕೆಲಸ ಮಾಡುವವನಿಗೆ ಮಾತ್ರ ಅದು ಇನ್ನೊಂದು ಥರ ಕೇಳುತ್ತದೆ. ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು, ಅಷ್ಟು ಸದ್ದು. ಸದ್ದೆಲ್ಲ ನಮ್ಮ ಯಂತ್ರದ್ದು. ಕೆಲಸ ಮಾಡುತ್ತಿರುವವು ಪಕ್ಕದ ತೊಟ್ಟಿಯಲ್ಲಿ ಚಕಾರ ಎತ್ತದೆ ಮಾಡುತ್ತಿವೆ. ಪದ್ಯ ಸವೆಯುವುದು ಓದಿ ಓದಿ ಅಲ್ಲ, ಅದಕ್ಕೆ ತಕ್ಕ ಜಾಗ ಸಿಗದೆ ಇರಬೇಕು.

ಪ್ರಕೃತಿ, ಅಧ್ಯಾತ್ಮ ಅಂದ ಕೂಡಲೇ ನಮ್ಮ ಕಡೆ ಎಲ್ಲರ ಬೆರಳೂ ನಂದಿಬೆಟ್ಟಕ್ಕೆ ತಿರುಗುತ್ತದೆ. ಭಾನುವಾರ ಬೆಳಗಿನ ಜಾವಕ್ಕೆ ಕೆಳಗಿನಿಂದಲೇ ಕಾರಿನ ಸಾಲು, 1478 ಮೀಟರ್ ಎತ್ತರದಲ್ಲಿ ಮಂಜಿನೊಳಗೆ ಕೈ ಚಾಚಿ ನಿಂತ ಮೊಬೈಲುಗಳು. ಹೋಗಬೇಡಿ ಅನ್ನುವುದಿಲ್ಲ, ನಾನೂ ಹೋಗಿದ್ದೇನೆ, ಸೂರ್ಯ ಚೆನ್ನಾಗಿಯೇ ಹುಟ್ಟುತ್ತಾನೆ. ಆದರೆ ಚೆಂದ ಕಾಣಲೆಂದೇ ಹೊರಟು, ಚೆಂದ ಇರುವ ಕಡೆಯೇ ಹೋಗಿ, ಚೆಂದ ಕಂಡು ಬಂದರೆ ಅದರಲ್ಲಿ ಮನಸ್ಸಿಗೆ ಕೆಲಸವೇ ಇಲ್ಲ. ನನಗೆ ಬೆಟ್ಟದ ಬುಡದ ಭೋಗನಂದೀಶ್ವರನ ಕಲ್ಯಾಣಿಯ ಮೆಟ್ಟಿಲೇ ಇಷ್ಟ. ಅದು ನನ್ನ ಸೋಮಾರಿತನವೂ ಇರಬಹುದು.

ಈಗ ಕೆರೆಯ ವಿಷಯ.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರದ ಕೆರೆಗೆ ಬಂತು. ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕಡೆಯಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ, ಪೈಪಿನಲ್ಲಿ ಎತ್ತಿ ತಂದು ನಮ್ಮ ಕೆರೆಗಳಿಗೆ ಬಿಡುವ ಯೋಜನೆ. ಪಟ್ಟಿಯಲ್ಲಿದ್ದದ್ದು 126 ಕೆರೆ. ಒಂದು ಕೆರೆ ತುಂಬಿದರೆ ಕೋಡಿ ಬಿದ್ದು, ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಹೋಗಬೇಕು. ಕೆರೆಯಿಂದ ಕೆರೆಗೆ ಆ ಇಳಿಜಾರಿನ ಲೆಕ್ಕ ಯಾವ ಇಂಜಿನಿಯರದೂ ಅಲ್ಲ, ನೂರಾರು ವರ್ಷದ ಹಿಂದೆ ಕೆರೆ ಕಟ್ಟಿದವರದು. ಮುಂದಿನ ತಿಂಗಳೇ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು. ಹೈಕೋರ್ಟಿನಿಂದ ತಡೆ ಬಂತು, ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ನೀರು ಮತ್ತೆ ಹರಿಯಿತು. ನೊರೆ ಏಕೆ ಅಂತ ನನ್ನನ್ನು ಕೇಳಿದರೆ ಹೇಳಬಲ್ಲೆ: ಬಟ್ಟೆ ಸೋಪಿನ ಪುಡಿಯ ಅಂಶ ಪೂರ್ತಿ ಹೋಗಿರುವುದಿಲ್ಲ, ಎತ್ತರದಿಂದ ಧುಮುಕಿದರೆ ಗಾಳಿ ಸೇರಿ ನೊರೆ. ಎರಡನೇ ಹಂತ ಮುಗಿದ ನೀರಿನಲ್ಲಿ ಸಾರಜನಕ, ರಂಜಕಗಳೂ ಉಳಿದಿರುತ್ತವೆ. ಅದು ಕೆರೆಗೆ ಗೊಬ್ಬರ ಹಾಕಿದ ಹಾಗೆಯೇ. ಪಾಚಿ, ಜೊಂಡು ಹುಲುಸಾಗಿ ಬೆಳೆಯುತ್ತವೆ. ಅವನ್ನೂ ತೆಗೆಯುವ ಮೂರನೇ ಹಂತ ಮಾಡಿ ಕೊಡಿ ಅಂತ ಜಿಲ್ಲೆಯ ಜನ ಕೇಳುತ್ತಲೇ ಬಂದಿದ್ದಾರೆ. ಸರಿಯಾಗಿಯೇ ಕೇಳುತ್ತಿದ್ದಾರೆ.

‘ಇಳೆ ನಿಮ್ಮ ದಾನ, ಬೆಳೆ ನಿಮ್ಮ ದಾನ’ ಅಂದವರು ಜೇಡರ ದಾಸಿಮಯ್ಯ. ಈ ನೀರು ಯಾರ ದಾನ? ಬೆಂಗಳೂರಿನ ಬಚ್ಚಲಿನ ದಾನ. ಹಾಗಂತ ಊರ ಕೆರೆಗೆ ನೀರು ಬಂದ ದಿನ ಹೆಂಗಸರು ಅರಿಶಿನ ಕುಂಕುಮ ಹಾಕದೆ ಬಿಟ್ಟರಾ? ಇಲ್ಲ. ಗಂಗಮ್ಮನಿಗೆ ಪೂಜೆ ಮಾಡಿ, ತೆಂಗಿನಕಾಯಿ ಒಡೆದು, ಅದೇ ನೀರನ್ನು ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳದೆ ಹಿಂದಕ್ಕೆ ಬಂದರು. ಪೂಜೆ ಬೇರೆ, ತಲೆಯ ಮೇಲೆ ಹಾಕಿಕೊಳ್ಳುವುದು ಬೇರೆ. ನಮ್ಮ ಚಿಕ್ಕಮ್ಮನಿಗೆ ಇದರಲ್ಲಿ ಯಾವ ಗೊಂದಲವೂ ಕಾಣಲಿಲ್ಲ.

ಫಸ್ಟ್ ಶಿಫ್ಟ್ ಮುಗಿದ ಒಂದು ಸಂಜೆ, ನರಸಾಪುರದ ಆಸುಪಾಸಿನ ಒಂದು ಕೆರೆ ಏರಿಯ ಮೇಲೆ ಗಾಡಿ ನಿಲ್ಲಿಸಿದ್ದೆ. ನೀರು ಅಂಚಿನವರೆಗೂ ಇತ್ತು. ಬಳ್ಳಾರಿ ಜಾಲಿಯ ಒಣಗಿದ ತುದಿಗಳು ಮಾತ್ರ ಮೇಲಿದ್ದವು, ಅದರ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿಕೊಂಡು ಒಣಗಿಸಿಕೊಳ್ಳುತ್ತಿದ್ದವು. ತೂಬಿನ ಹತ್ತಿರ ಒಂದಿಷ್ಟು ನೊರೆ. ವಾಸನೆ ನನ್ನ ಮೂಗಿಗೆ ಪರಿಚಯದ್ದು, ಇವತ್ತು ಸುಮಾರಾಗಿದೆ ಅನ್ನುವಂಥದ್ದು. ಅಷ್ಟರಲ್ಲಿ ಪಡುವಣದಿಂದ ಬೆಳ್ಳಕ್ಕಿಗಳ ಒಂದು ಸಾಲು ಬಂತು. ನೀರಿಗೆ ಹತ್ತಿರವಾಗಿ, ಅವಸರವಿಲ್ಲದೆ. ಮುಂದಿನದು ಸ್ವಲ್ಪ ತಗ್ಗಿದರೆ ಆ ತಗ್ಗು ಹಿಂದಕ್ಕೆ ಹಿಂದಕ್ಕೆ ಸಾಗಿ ಕೊನೆಯ ಹಕ್ಕಿಯವರೆಗೂ ಹೋಗುತ್ತಿತ್ತು. ಆಮೇಲೆ ಇಡೀ ಸಾಲು ಒಮ್ಮೆಲೇ ವಾಲಿ ತಿರುಗಿತು. ಬಾಯಿಗೆ ತಾನಾಗಿ ಬಂತು: ‘ದೇವರು ರುಜು ಮಾಡಿದನು’.

ಕುವೆಂಪು ಅವರ ಆ ಪದ್ಯದಲ್ಲಿ ಹಿನ್ನೆಲೆಗೆ ಆಕಾಶವಿದೆ, ಪರ್ವತವಿದೆ, ಕಿಕ್ಕಿರಿದ ಅಡವಿಯಿದೆ, ನಡುವೆ ತುಂಗೆ. ಅಂಥ ಚಿತ್ರಕ್ಕೆ ದೇವರು ಕೆಳಗಡೆ ಸಹಿ ಹಾಕಿದ ಅಂದರೆ ಯಾರಾದರೂ ಒಪ್ಪುತ್ತಾರೆ. ನನ್ನ ಎದುರಿಗೆ ಹೈಟೆನ್ಷನ್ ಕಂಬ, ಕಾರ್ಖಾನೆಗಳ ಶೀಟಿನ ಮಾಡು, ದೂರದಲ್ಲಿ ಶತಶೃಂಗ ಬೆಟ್ಟದ ಬೋಳು ನೆತ್ತಿ, ನಡುವೆ ಬೆಂಗಳೂರು ಬಳಸಿ ಬಿಟ್ಟ ನೀರು. ನನಗೆ ಆಗ ಬಂದದ್ದು ಭಕ್ತಿಯಲ್ಲ, ತಗಾದೆ. ಇದಕ್ಕೂ ರುಜುವಾ? ನಾವು ನೀರಿನಲ್ಲಿ ಎಷ್ಟು ಕೊಳೆ ಉಳಿದಿದೆ ಅಂತ ಹೇಳುವ ಬಿಓಡಿ ರಿಪೋರ್ಟ್ ನೋಡದೆ ಲಾಗ್‌ಬುಕ್ಕಿಗೆ ಸಹಿ ಹಾಕುವುದಿಲ್ಲ. ನೀನು ಏನು ನೋಡಿ ಹಾಕಿದೆ?

ಪಕ್ಷಿ ನೋಡಿ ನೀರು ಚೆನ್ನಾಗಿದೆ ಅನ್ನುವವರೂ ಇದ್ದಾರೆ. ಅದು ಸುಳ್ಳು, ಬೆಳ್ಳಕ್ಕಿ ಚರಂಡಿಗೂ ಬರುತ್ತದೆ. ಮೀನು, ಕಪ್ಪೆ, ಹುಳು ಸಿಕ್ಕರೆ ಅದಕ್ಕೆ ಸಾಕು, ಮೂರನೇ ಹಂತದ ಚಿಂತೆ ಅದಕ್ಕಿಲ್ಲ. ಹಾಗಾದರೆ ಆ ಚೆಂದ ಮೋಸವೇ ಅಂದರೆ, ಅದಕ್ಕೂ ಮನಸ್ಸು ಒಪ್ಪಲಿಲ್ಲ. ಸಾಲು ಹೋದ ಮೇಲೂ ನನ್ನ ಎದೆಯೊಳಗೆ ಏನೋ ನೆಟ್ಟಗಾಗಿತ್ತು, ಅದು ಮಾತ್ರ ಖರೆ. ನನಗೆ ಕೊನೆಗೆ ಹೊಳೆದದ್ದು ಇಷ್ಟು. ರುಜುವಿನಲ್ಲಿ ಎರಡು ಬಗೆ. ಕೆಲಸ ಸರಿಯಾಗಿದೆ ಅಂತ ಬಿಲ್ಲಿನ ಕೆಳಗೆ ಹಾಕುವುದು ಒಂದು. ಬೆಳಗ್ಗೆ ಗೇಟಿನಲ್ಲಿ ಹಾಜರಿ ಪುಸ್ತಕದಲ್ಲಿ ಹಾಕುವುದು ಇನ್ನೊಂದು. ತುಂಗೆಯ ಮೇಲಿನದು ಮೊದಲನೆಯದಿರಬಹುದು, ಕವಿಗೆ ಬಿಟ್ಟದ್ದು. ನಮ್ಮ ಕೆರೆಯ ಮೇಲಿನದು ಹಾಜರಿಯದು. ಎಲ್ಲ ಸರಿ ಇದೆ ಅಂತ ಅಲ್ಲ, ಇಲ್ಲೂ ಬಂದಿದ್ದೇನೆ ಅಂತ.

ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಏರಿಯ ಮೇಲೆ ಕುರಿ ಹೊಡೆದುಕೊಂಡು ಬರುತ್ತಿದ್ದ ತಾತ ಒಬ್ಬರೇ ಸಿಕ್ಕಿದ್ದು.

“ಏನಪ್ಪಾ, ಪಕ್ಸಿ ನೋಡ್ತಿದ್ದೀಯಾ?” ಅಂದರು.

“ಹೂಂ ತಾತ. ನೀರು ಬಂದ್ಮೇಲೆ ಹೆಂಗೈತೆ ನಿಮ್ಮ ಕಡೆ?”

“ಬೋರು ಎದ್ದೈತೆ. ಸಾವ್ರ ಅಡಿ ಹೊಡ್ದ್ರೂ ದೂಳ್ ಬರ್ತಿತ್ತು, ಈಗ ನೀರ್ ಬತ್ತೈತೆ. ಟೊಮೇಟೊ ಹಾಕಿದೀವಿ. ಕುಡಿಯಾಕೆ ಮಾತ್ರ ಮನಸು ಒಪ್ಪಲ್ಲ, ಕ್ಯಾನ್ ನೀರೇ.” ಆಮೇಲೆ ತಾವೇ ಸೇರಿಸಿದರು, “ಮೀನು ತಿಂತೀವಿ. ಜಿಲೇಬಿ ಮೀನು ಚೆನ್ನಾಗಿ ಸಿಗ್ತೈತೆ.”

ಅಷ್ಟರಲ್ಲಿ ಬಂದ ಇನ್ನೊಂದು ಬೆಳ್ಳಕ್ಕಿ ಸಾಲನ್ನು ನಾನು ತೋರಿಸಿ, ಇದನ್ನು ಒಬ್ಬರು ದೊಡ್ಡ ಕವಿಗಳು ದೇವರು ಹಾಕಿದ ರುಜು ಅಂತ ಬರೆದಿದ್ದಾರೆ ತಾತ ಅಂದೆ. ಅವರು ಕೈಯನ್ನು ಹಣೆಗೆ ಅಡ್ಡ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಪಹಣಿ, ಖಾತೆ, ಸಾಲ ಅಂತ ಸರ್ಕಾರಿ ಕಚೇರಿಗಳಿಗೆ ತಿರುಗಿ ಸವೆದ ಮುಖ ಅದು.

“ರುಜು ಸರಿ ಕಣಪ್ಪಾ,” ಅಂದರು, “ಸೀಲು?”

ಇಬ್ಬರೂ ನಕ್ಕೆವು. ಸೀಲು ಅಂದರೆ ಅದೇ ಮೂರನೇ ಹಂತ, ಅದು ದೇವರ ಟೇಬಲ್ಲಿಗೆ ಬರುವ ಫೈಲಲ್ಲ ಅಂತ ನಾನು ಹೇಳುವಷ್ಟರಲ್ಲಿ ಅವರು ತಾತಯ್ಯನವರದೊಂದು ಪದ ಶುರು ಮಾಡಿದ್ದರು, ತೆಲುಗಿನದು, ನಮ್ಮಜ್ಜಿಯ ಬಾಯಲ್ಲಿ ಕೇಳಿದ್ದೇ. ಎರಡನೇ ಸಾಲಿಗೆ ನಾನೂ ದನಿ ಸೇರಿಸಿದೆ. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಎರಡು ಕುರಿ ಕೆಳಗಿನ ಟೊಮೇಟೊ ತೋಟಕ್ಕೆ ನುಗ್ಗಿದವು. ತಾತ ಕೋಲು ಎತ್ತಿಕೊಂಡು, ಕುರಿಗಳಿಗೂ ತೆಲುಗಿನಲ್ಲೇ ಬೈಯುತ್ತ ಏರಿ ಇಳಿದು ಓಡಿದರು.